ಮುಟ್ಟದೇ ಬಿಟ್ಟ ಡ್ರಾಪ್‌ಡೌನ್: ಫಾರಂಗಳಲ್ಲಿ ಖಾಲಿ ಆಯ್ಕೆಯನ್ನು ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಗೊರಬಲು, ಬೆಟ್ಟೆ, ರಾಶಿ, ಸರಕು. ನಾಲ್ಕೇ ಹೆಸರಿನ ಪಟ್ಟಿ. ಶಿವಮೊಗ್ಗ ಸೀಮೆಯಲ್ಲಿ ಅಡಿಕೆ ಬೆಳೆಯುವವರಿಗೆ ಇವುಗಳ ಅಂತರ ಬಿಡಿಸಿ ಹೇಳಬೇಕಿಲ್ಲ. ಧಾರಣೆಯಲ್ಲಿ ಸರಕು ಎಲ್ಲಕ್ಕಿಂತ ಮೇಲೆ, ಗೊರಬಲು ಎಲ್ಲಕ್ಕಿಂತ ಕೆಳಗೆ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಸೊಸೈಟಿಗೆ ಅಡಿಕೆಯ ಆವಕ ಬರೆದಿಡುವ ವೆಬ್ ಫಾರಂ ಮಾಡಿಕೊಟ್ಟೆ. ಪಟ್ಟಿಯನ್ನು ಅಕ್ಷರಮಾಲೆಯ ಕ್ರಮದಲ್ಲಿ ನೀಟಾಗಿ ಜೋಡಿಸಿದ್ದೆ. ಕೊಯ್ಲು ಮುಗಿದು ಮೂಟೆಗಳು ಬರತೊಡಗಿದ ಮೇಲೆ ಗುಮಾಸ್ತರ ಫೋನ್ ಬಂತು: "ಎಂತ ಮಾರಾಯ್ರೇ, ಈ ವರ್ಷ ಊರಿಗೂರೇ ಗೊರಬಲು ತಂದು ಹಾಕ್ತಿದೆಯಲ್ಲ, ಎಂತ ಕತೆ?"

ಊರು ಗೊರಬಲು ತಂದಿರಲಿಲ್ಲ. ಬಾಗಿಲಲ್ಲಿ ಸಾಲು, ಹೊರಗೆ ಪಿಕಪ್ ಗಾಡಿಯವನ ಹಾರ್ನ್. ಕೌಂಟರಿನ ಹುಡುಗ ಹೆಸರು ಬರೆದ, ತೂಕ ಬರೆದ, ಸಲ್ಲಿಸು ಒತ್ತಿದ. ನಡುವಿನ ಡ್ರಾಪ್‌ಡೌನ್ ಮುಟ್ಟಲಿಲ್ಲ. ಅವನು ಮುಟ್ಟದಿದ್ದಾಗಲೆಲ್ಲ ಪಟ್ಟಿಯ ಮೊದಲ ಹೆಸರು ತಾನಾಗಿ ಹೋಗಿ ಕೂತಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಪಟ್ಟಿ ಮಾಡಿದ್ದರೆ ಬೆಟ್ಟೆ ಮೊದಲು ಬರುತ್ತಿತ್ತು. ಆಗ ನನ್ನ ತಪ್ಪು ಇನ್ನೂ ಒಂದು ವರ್ಷ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ.

ಸೊಸೈಟಿಗೋ ಶಾಲೆಗೋ ಹೋಂಸ್ಟೇಗೋ ಫಾರಂ ಮಾಡಿಕೊಡುವ ನಮ್ಮ ಕಡೆಯ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೋಡನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಬಾಯಿಮಾತಲ್ಲೇ ಹೇಳುತ್ತೇನೆ, ಟೈಪ್ ಮಾಡುವ ಕೆಲಸ ನಿಮ್ಮದು.

ಬ್ರೌಸರ್ ಏಕೆ ಹೀಗೆ ಮಾಡುತ್ತದೆ

ಇದು ಬ್ರೌಸರಿನ ಕಿತಾಪತಿಯಲ್ಲ, ಎಚ್‌ಟಿಎಂಎಲ್ ನಿಯಮವೇ ಹಾಗಿದೆ. ಒಂದೇ ಸಾಲು ಕಾಣಿಸುವ, ಒಂದನ್ನು ಮಾತ್ರ ಆರಿಸಬಹುದಾದ ಸೆಲೆಕ್ಟ್ ಪೆಟ್ಟಿಗೆಯಲ್ಲಿ ಯಾವ ಆಪ್ಷನ್‌ಗೂ ಸೆಲೆಕ್ಟೆಡ್ ಎಂಬ ಗುರುತು ಇಲ್ಲದಿದ್ದರೆ, ಡಿಸೇಬಲ್ ಆಗಿರದ, ಅಂದರೆ ಆರಿಸಲು ಬರುವ, ಮೊದಲ ಆಪ್ಷನ್ನನ್ನು ಬ್ರೌಸರ್ ಆರಿಸಿಕೊಳ್ಳಬೇಕು. ಪೆಟ್ಟಿಗೆಗೆ ಸೈಜ್ ಒಂದಕ್ಕಿಂತ ಹೆಚ್ಚು ಕೊಟ್ಟು ಉದ್ದದ ಪಟ್ಟಿಯಾಗಿ ತೋರಿಸಿದರೆ, ಅಥವಾ ಮಲ್ಟಿಪಲ್ ಎಂದು ಹಾಕಿದರೆ ಈ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಏನೂ ಆರಿಸದ ಸ್ಥಿತಿ ಸಹಜವಾಗಿಯೇ ಇರುತ್ತದೆ.

ಇದರ ಫಲವೇನೆಂದರೆ, ನೋಡಿ ಯೋಚಿಸಿ ಗೊರಬಲು ಆರಿಸಿದವನ ಉತ್ತರವೂ ಆ ಪೆಟ್ಟಿಗೆಯನ್ನೇ ನೋಡದವನ ಉತ್ತರವೂ ಸರ್ವರಿಗೆ ಒಂದೇ ಅಕ್ಷರಗಳಲ್ಲಿ ಬಂದು ಮುಟ್ಟುತ್ತವೆ. ಆಮೇಲೆ ಬೇರ್ಪಡಿಸಲು ದಾರಿಯಿಲ್ಲ. ರಾಜ್ಯದ 31 ಜಿಲ್ಲೆಗಳನ್ನು ಕನ್ನಡ ಅಕ್ಷರಕ್ರಮದಲ್ಲಿ ಇಟ್ಟರೆ ಮರೆತವರೆಲ್ಲ ಉಡುಪಿಯವರಾಗುತ್ತಾರೆ, ಇಂಗ್ಲಿಷ್ ಕ್ರಮದಲ್ಲಿ ಇಟ್ಟರೆ ಬಾಗಲಕೋಟೆಯವರು. ನಮ್ಮ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಆ ಭಾಗ್ಯ ತೀರ್ಥಹಳ್ಳಿಯದು. ಹುಟ್ಟಿದ ತಿಂಗಳ ಪೆಟ್ಟಿಗೆಯಾದರೆ ಊರವರೆಲ್ಲ ಜನವರಿಯಲ್ಲೇ ಹುಟ್ಟುತ್ತಾರೆ.

ಹೆಜ್ಜೆ 1: ಕೋಡ್ ಬರೆಯುವ ಮೊದಲು ಒಂದು ಹಾಳೆ

ಫಾರಂನಲ್ಲಿರುವ ಪ್ರತಿ ಡ್ರಾಪ್‌ಡೌನ್ ಹೆಸರನ್ನು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಮೂರರಲ್ಲಿ ಒಂದು ಗುರುತು ಹಾಕಿ: ಉತ್ತರ ಕಡ್ಡಾಯ, ಉತ್ತರ ಐಚ್ಛಿಕ, ಅಥವಾ ಮೊದಲೇ ಒಂದು ಉತ್ತರ ತುಂಬಿಟ್ಟರೆ ತೊಂದರೆಯಿಲ್ಲ.

ಮೂರನೆಯದರ ಬಗ್ಗೆ ಜಾಗ್ರತೆ. ತುಂಬಿಟ್ಟ ಉತ್ತರ ಎಲ್ಲಿ ಸರಿ ಎಂದು ತೀರ್ಮಾನಿಸಲು ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಅದು ತಪ್ಪಾಗಿ ಹೋದರೆ ಮೊದಲು ಗೊತ್ತಾಗುವುದು ಯಾರಿಗೆ, ಕಳೆದುಕೊಳ್ಳುವವರು ಯಾರು? ಹೋಂಸ್ಟೇ ಬುಕಿಂಗ್‌ನಲ್ಲಿ ಅತಿಥಿಗಳ ಸಂಖ್ಯೆ 2 ಎಂದು ತುಂಬಿಟ್ಟರೆ, ನಾಲ್ವರು ಬರುವವರು ಬೆಲೆ ನೋಡಿದ ಕೂಡಲೇ ತಿದ್ದಿಕೊಳ್ಳುತ್ತಾರೆ. ಇರಲಿ. ಜಮೀನಿನ ಬಗೆ ಕೇಳುವ ಪೆಟ್ಟಿಗೆಯಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂದಿದ್ದು ಖುಷ್ಕಿಯೇ ತಾನಾಗಿ ಕೂತರೆ, ಅಡಿಕೆ ತೋಟದ ಒಡೆಯನಿಗೆ ಅದು ಗೊತ್ತಾಗುವುದು ಅರ್ಜಿ ವಾಪಸು ಬಂದಾಗ. ಅದು ಕೂಡದು. ರಕ್ತದ ಗುಂಪಿನ ಪೆಟ್ಟಿಗೆಯಲ್ಲಿ ಎ ಪಾಸಿಟಿವ್ ತಾನಾಗಿ ತುಂಬಿಕೊಳ್ಳುವ ಕಾಲೇಜು ಫಾರಂಗಳನ್ನು ಈಗಲೂ ನೋಡುತ್ತೇನೆ. ರಕ್ತದಾನಿಗಳ ಪಟ್ಟಿ ಹೀಗೆ ತಯಾರಾಗುವುದಾದರೆ ಪಟ್ಟಿ ಇಲ್ಲದಿರುವುದೇ ಕ್ಷೇಮ.

ಇದೇ ಹಾಳೆಯಲ್ಲಿ ಇನ್ನೊಂದು ತೀರ್ಮಾನವೂ ಆಗಲಿ: ಇದು ಡ್ರಾಪ್‌ಡೌನೇ ಆಗಬೇಕೇ? ನಾಲ್ಕೈದು ಆಯ್ಕೆಗಳಿದ್ದರೆ ರೇಡಿಯೋ ಬಟನ್ ವಾಸಿ. ಎಲ್ಲವೂ ಕಣ್ಣೆದುರು ಇರುತ್ತವೆ, ಮೊದಲಿಗೆ ಯಾವುದೂ ಆಯ್ಕೆಯಾಗಿರುವುದಿಲ್ಲ, ಖಾಲಿ ಆಪ್ಷನ್ ಎಂಬ ತಲೆನೋವೇ ಹುಟ್ಟುವುದಿಲ್ಲ. ಬ್ರಿಟನ್ ಸರ್ಕಾರದ ಡಿಸೈನ್ ಸಿಸ್ಟಮ್ ಅಂತೂ ಸಾರ್ವಜನಿಕ ಸೇವೆಗಳಲ್ಲಿ ಸೆಲೆಕ್ಟ್ ಪೆಟ್ಟಿಗೆ ಕೊನೆಯ ಉಪಾಯವಾಗಿರಲಿ ಎನ್ನುತ್ತದೆ. ನನ್ನ ಅಡಿಕೆ ಫಾರಂ ಈಗ ನಾಲ್ಕು ರೇಡಿಯೋ ಬಟನ್‌ಗಳಲ್ಲಿ ನಡೆಯುತ್ತಿದೆ. ಆದರೂ ಮುಂದಿನ ಹೆಜ್ಜೆಗಳಿಗೆ ಅದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಪೆಟ್ಟು ತಿಂದದ್ದು ಅಲ್ಲೇ.

ಹೆಜ್ಜೆ 2: ಖಾಲಿ ಆಪ್ಷನ್ ಬರೆಯುವುದು

ಸೆಲೆಕ್ಟ್ ಟ್ಯಾಗ್ ತೆರೆದ ತಕ್ಷಣ, ಎಲ್ಲ ಹೆಸರುಗಳಿಗಿಂತ ಮೊದಲು, ಒಂದು ಆಪ್ಷನ್ ಬರೆಯಿರಿ. ಅದಕ್ಕೆ ವ್ಯಾಲ್ಯೂ ಎಂಬ ಗುಣ ಕೊಡಿ. ಸಮ ಚಿಹ್ನೆಯ ನಂತರ ಉದ್ಧರಣ ಚಿಹ್ನೆ ತೆರೆದು, ನಡುವೆ ಒಂದು ಸ್ಪೇಸ್ ಕೂಡ ಬಿಡದೆ ಮುಚ್ಚಿ. ಆಮೇಲೆ ಜನರಿಗೆ ಕಾಣಬೇಕಾದ ಪಠ್ಯ, ನಂತರ ಟ್ಯಾಗ್ ಮುಚ್ಚುವುದು.

ಹೆಚ್ಚಿನವರು ಎಡವುವುದು ವ್ಯಾಲ್ಯೂ ಬರೆಯದೇ ಬಿಟ್ಟು. ಆ ಗುಣವೇ ಇಲ್ಲದಿದ್ದರೆ ಆಪ್ಷನ್‌ನ ಒಳಗಿನ ಪಠ್ಯವೇ ಅದರ ಮೌಲ್ಯ ಎಂದು ಎಚ್‌ಟಿಎಂಎಲ್ ತಿಳಿಯುತ್ತದೆ. ಅಂದರೆ "ಆಯ್ಕೆ ಮಾಡಿ" ಎಂದು ಬರೆದು ವ್ಯಾಲ್ಯೂ ಮರೆತರೆ, ಡೇಟಾಬೇಸಿನಲ್ಲಿ ಅಡಿಕೆಯ ಬಗೆಯ ಕಾಲಮ್ಮಿನಲ್ಲಿ "ಆಯ್ಕೆ ಮಾಡಿ" ಎಂದೇ ಹೋಗಿ ಕೂರುತ್ತದೆ. ಊರಿನ ಕಾಲಮ್ಮಿನಲ್ಲಿ "ಊರು ಆರಿಸಿ" ಎಂಬ ಊರಿನವರು ಸಾಲುಸಾಲಾಗಿ ಕೂತಿರುವ ಪಟ್ಟಿಗಳನ್ನು ಕಂಡಿದ್ದೇನೆ. ಸ್ಪೇಸ್ ಬಿಟ್ಟರೂ ಇದೇ ಜಾತಿಯ ತೊಂದರೆ. ಕಣ್ಣಿಗೆ ಖಾಲಿ, ಕಂಪ್ಯೂಟರಿಗೆ ಒಂದು ಅಕ್ಷರ.

ಕೆಲವರು ಖಾಲಿ ಆಪ್ಷನ್‌ಗೆ ಸೊನ್ನೆಯನ್ನೋ ಮೈನಸ್ ಒಂದನ್ನೋ ಮೌಲ್ಯವಾಗಿ ಕೊಡುತ್ತಾರೆ. ಹಳೆಯ ಅಭ್ಯಾಸ, ಬಿಡಬೇಕಾದದ್ದು. ಬ್ರೌಸರಿಗೆ ಅವು ಪೂರ್ಣ ಉತ್ತರಗಳು, ಕಡ್ಡಾಯದ ಪರೀಕ್ಷೆಯನ್ನು ಸಲೀಸಾಗಿ ದಾಟಿಬಿಡುತ್ತವೆ.

ಇನ್ನು ಕಾಣುವ ಪಠ್ಯ. ಬರೀ ಗೆರೆಗಳನ್ನು ಎಳೆದಿಟ್ಟರೆ ಅರ್ಥವಾಗುವುದು ನಮ್ಮಂಥವರಿಗೆ ಮಾತ್ರ. ಏನೂ ಬರೆಯದೆ ಪೂರ್ತಿ ಬಿಳಿ ಬಿಟ್ಟರೆ ಪೆಟ್ಟಿಗೆ ಕೆಟ್ಟಿದೆ ಎಂದುಕೊಳ್ಳುವವರೂ ಇದ್ದಾರೆ. "ಅಡಿಕೆಯ ಬಗೆ ಆರಿಸಿ" ಎನ್ನುವಂತೆ, ಏನನ್ನು ಆರಿಸಬೇಕು ಎಂಬುದು ಆ ಮಾತಲ್ಲೇ ಇರಲಿ. ಆದರೆ ಅದು ಲೇಬಲ್‌ಗೆ ಬದಲಿಯಲ್ಲ. ಒಂದು ಹೆಸರು ಆರಿಸಿದ ಕೂಡಲೇ ಆ ಮಾತು ಮಾಯವಾಗುತ್ತದೆ, ಮತ್ತೆ ಮೇಲಿನಿಂದ ಓದಿಕೊಂಡು ಬರುವವರಿಗೆ "ರಾಶಿ" ಎಂದಷ್ಟೇ ಕಂಡರೆ ಯಾವ ಪ್ರಶ್ನೆಗೆ ಉತ್ತರ ಎಂದು ತಿಳಿಯುವುದಿಲ್ಲ. ಪೆಟ್ಟಿಗೆಯ ಹೊರಗೆ ಲೇಬಲ್ ಟ್ಯಾಗ್ ಇರಲೇಬೇಕು, ಅದರ ಫಾರ್ ಗುಣ ಸೆಲೆಕ್ಟಿನ ಐಡಿಗೆ ಹೊಂದಬೇಕು. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಮೊದಲು ಓದಿ ಹೇಳುವುದು ಅದನ್ನೇ.

ಕನ್ನಡದ ಪಟ್ಟಿಗಳಿಗೆ ಮಾತ್ರ ಸೇರಿದ ಒಂದು ಮಾತು. ಪೆಟ್ಟಿಗೆಯ ಎತ್ತರವನ್ನು ಸಿಎಸ್‌ಎಸ್‌ನಲ್ಲಿ ಪಿಕ್ಸೆಲ್ ಲೆಕ್ಕದಲ್ಲಿ ಬಿಗಿದರೆ ಬೆಟ್ಟೆಯ ಟ ಒತ್ತು, ಹಳ್ಳಿಯ ಳ ಒತ್ತು ಅರ್ಧಕ್ಕೇ ಕತ್ತರಿಸಿಹೋಗುತ್ತವೆ. ಇಂಗ್ಲಿಷಿನಲ್ಲಿ ಮಾಡಿದ ಟೆಂಪ್ಲೇಟ್ ತಂದು ಕನ್ನಡ ತುಂಬುವವರಿಗೆ ಇದು ಕಾಣುವುದು ಕೊನೆಗೆ. ಎತ್ತರ ಬಿಗಿಯಬೇಡಿ, ಪ್ಯಾಡಿಂಗ್ ಕೊಡಿ.

ಹೆಜ್ಜೆ 3: ಕಡ್ಡಾಯ ಮಾಡುವುದು

ಉತ್ತರ ಬೇಕೇಬೇಕು ಎಂದು ಹಾಳೆಯಲ್ಲಿ ಗುರುತು ಹಾಕಿದ ಪೆಟ್ಟಿಗೆಗಳ ಸೆಲೆಕ್ಟ್ ಟ್ಯಾಗಿಗೆ ರಿಕ್ವೈರ್ಡ್ ಸೇರಿಸಿ. ಇದು ಕೆಲಸ ಮಾಡಬೇಕಾದರೆ ಖಾಲಿ ಆಪ್ಷನ್ ಮೊದಲ ಸ್ಥಾನದಲ್ಲೇ ಇರಬೇಕು, ಅದರ ಮೌಲ್ಯ ಖಾಲಿಯೇ ಇರಬೇಕು, ಅದು ಆಪ್ಷನ್‌ಗಳನ್ನು ಗುಂಪು ಮಾಡುವ ಯಾವುದೇ ಆಪ್ಟ್‌ಗ್ರೂಪ್ ಟ್ಯಾಗಿನ ಒಳಗೆ ಇರದೆ ನೇರವಾಗಿ ಸೆಲೆಕ್ಟಿನ ಕೆಳಗೇ ಇರಬೇಕು. ಒಂದು ತಪ್ಪಿದರೂ ಬ್ರೌಸರ್ ಅದನ್ನು ನಿಜವಾದ ಉತ್ತರ ಎಂದುಕೊಂಡು ಒಳಗೆ ಬಿಡುತ್ತದೆ. ಪಟ್ಟಿಯ ಕೊನೆಯಲ್ಲಿ ಖಾಲಿ ಆಪ್ಷನ್ ಇಟ್ಟು, ರಿಕ್ವೈರ್ಡ್ ಹಾಕಿದ್ದರೂ ತಡೆಯುತ್ತಿಲ್ಲವಲ್ಲ ಎಂದು ಅರ್ಧ ದಿನ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ.

ಫಾರಂ ಟ್ಯಾಗಿನಲ್ಲಿ ನೋವ್ಯಾಲಿಡೇಟ್ ಎಂದು ಇದ್ದರೆ ಸಲ್ಲಿಸುವಾಗ ಬ್ರೌಸರ್ ತಡೆಯುವುದೇ ಇಲ್ಲ. ಕೆಲವು ರೆಡಿಮೇಡ್ ಟೆಂಪ್ಲೇಟುಗಳಲ್ಲಿ ಅದು ಸದ್ದಿಲ್ಲದೆ ಸೇರಿರುತ್ತದೆ, ಒಮ್ಮೆ ಹುಡುಕಿ ನೋಡಿ.

ಆರಿಸದ ಸ್ಥಿತಿಯಲ್ಲಿ ಪಠ್ಯವನ್ನು ಬೂದು ಬಣ್ಣದಲ್ಲಿ ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ. ರಿಕ್ವೈರ್ಡ್ ಇರುವ ಸೆಲೆಕ್ಟಿಗೆ ಇನ್‌ವ್ಯಾಲಿಡ್ ಎಂಬ ಸಿಎಸ್‌ಎಸ್ ಸೂಡೋ ಕ್ಲಾಸ್ ಬಳಸಿ ಅದು ಸಾಧ್ಯ. ಆದರೆ ತೀರಾ ಮಸುಕು ಮಾಡಬೇಡಿ, ಹಿನ್ನೆಲೆಗೂ ಅಕ್ಷರಕ್ಕೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕೆಂದು ಜಾಲ ಸುಗಮತೆಯ ಮಾನದಂಡ ಹೇಳುತ್ತದೆ. ಅಂಗಳದ ಬಿಸಿಲಲ್ಲಿ ಫೋನ್ ಹಿಡಿದು ಫಾರಂ ತುಂಬುವ ರೈತನಿಗೆ ಅದೂ ಸಾಲದು.

ಹೆಜ್ಜೆ 4: ಡಿಸೇಬಲ್ಡ್, ಹಿಡನ್ ಎಂಬ ಜನಪ್ರಿಯ ಉಪಾಯ

ಎಲ್ಲಿ ಹುಡುಕಿದರೂ ಸಿಗುವ ಸಲಹೆಯೊಂದಿದೆ. ಖಾಲಿ ಆಪ್ಷನ್‌ಗೆ ಡಿಸೇಬಲ್ಡ್, ಸೆಲೆಕ್ಟೆಡ್, ಹಿಡನ್ ಮೂರನ್ನೂ ಹಾಕಿ, ಆಗ ಅದು ಮೊದಲಿಗೆ ಕಾಣುತ್ತದೆ, ಪಟ್ಟಿ ತೆರೆದಾಗ ಕಾಣುವುದಿಲ್ಲ, ಮತ್ತೆ ಆರಿಸಲು ಬರುವುದಿಲ್ಲ ಅಂತ. ಅಂದದ ಉಪಾಯವೇ. ನಾನು ಮಾತ್ರ ಸಾಮಾನ್ಯವಾಗಿ ಬಳಸುವುದಿಲ್ಲ.

ಮೂರರಲ್ಲಿ ಸೆಲೆಕ್ಟೆಡ್ ಒಂದನ್ನು ಮರೆತರೆ, ಡಿಸೇಬಲ್ ಆದದ್ದನ್ನು ದಾಟಿ ಬ್ರೌಸರ್ ಮುಂದಿನದನ್ನು ಹಿಡಿಯುತ್ತದೆ. ತಿರುಗಿ ಗೊರಬಲು! ಹಿಡನ್ ಎಂದರೂ ಆಪ್ಷನ್ನನ್ನು ಎಲ್ಲ ಬ್ರೌಸರುಗಳೂ ಅಡಗಿಸುತ್ತವೆಂದು ನೆಚ್ಚುವ ಹಾಗಿಲ್ಲ, ಐಫೋನಿನಲ್ಲಿ ವಿಶೇಷವಾಗಿ ಪರೀಕ್ಷಿಸಿ. ಇವೆರಡಕ್ಕಿಂತ ದೊಡ್ಡ ವಿಷಯ ಸಲ್ಲಿಕೆಯದು. ಆಯ್ಕೆಯಾಗಿರುವ ಆಪ್ಷನ್ ಡಿಸೇಬಲ್ ಆಗಿದ್ದರೆ ಆ ಪೆಟ್ಟಿಗೆಯ ಹೆಸರೇ ಸರ್ವರಿಗೆ ಹೋಗುವುದಿಲ್ಲ. ಬರೀ ಖಾಲಿ ಮೌಲ್ಯದ ಆಪ್ಷನ್ ಆಗಿದ್ದರೆ ಹೆಸರು ಹೋಗುತ್ತದೆ, ಎದುರಿಗೆ ಏನೂ ಇರುವುದಿಲ್ಲ. ಲಕೋಟೆಯೊಳಗೆ ಖಾಲಿ ಕಾಗದ ಬರುವುದಕ್ಕೂ ಲಕೋಟೆಯೇ ಬಾರದಿರುವುದಕ್ಕೂ ಇರುವ ವ್ಯತ್ಯಾಸ ಇದು. ಪಿಎಚ್‌ಪಿ 8ರಲ್ಲಿ ಎರಡನೆಯ ಸಂದರ್ಭಕ್ಕೆ ಆ ಕೀ ಇಲ್ಲವೆಂಬ ಎಚ್ಚರಿಕೆ ಬರುತ್ತದೆ. ಅದನ್ನು ನಿರೀಕ್ಷಿಸದ ಕೋಡ್ ಅಲ್ಲೇ ಮುಗ್ಗರಿಸುತ್ತದೆ.

ಐಚ್ಛಿಕ ಪ್ರಶ್ನೆಗಳಲ್ಲಂತೂ ಡಿಸೇಬಲ್ಡ್ ಹಾಕಲೇಬಾರದು. ಕೈತಪ್ಪಿ ಏನೋ ಒತ್ತಿದವನಿಗೆ ಹಿಂದಕ್ಕೆ ಹೋಗಿ ಖಾಲಿ ಮಾಡುವ ಹಕ್ಕನ್ನೇ ಕಸಿದುಕೊಂಡ ಹಾಗಾಗುತ್ತದೆ.

ಹೆಜ್ಜೆ 5: "ಇಲ್ಲ"ಗಳನ್ನು ಬೇರ್ಪಡಿಸುವುದು

ತಾಂತ್ರಿಕವಾಗಿ ಇದು ಸುಲಭದ ಹೆಜ್ಜೆ, ಯೋಚನೆಗೆ ಅತಿ ಕಷ್ಟದ್ದು.

ಮಂಗನ ಕಾಯಿಲೆಯ ವೈರಸ್ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಹರಡುವ ಜ್ವರ. ಕಾಡಂಚಿನ ಮನೆಗಳಿಗೆ ಹೋಗಿ "ಕಳೆದ ಎರಡು ವಾರದಲ್ಲಿ ಉಣುಗು ಕಚ್ಚಿದೆಯೇ" ಎಂದು ಕೇಳುವ ಒಂದು ಫಾರಂ ಮಾಡುತ್ತೀರಿ ಎಂದುಕೊಳ್ಳಿ. ಕಚ್ಚಿಲ್ಲ ಎಂದು ಖಚಿತವಾಗಿ ಹೇಳುವವರು ಒಂದು ಕಡೆ. ದರಗು ತರಲು ಹೋಗಿದ್ದೆ, ಕಚ್ಚಿದ್ದರೂ ಕಚ್ಚಿರಬಹುದು, ಗೊತ್ತಾಗಿಲ್ಲ ಎನ್ನುವವರು ಇನ್ನೊಂದು ಕಡೆ. ಆ ಮನೆಯಲ್ಲಿ ಈ ಪ್ರಶ್ನೆಯನ್ನೇ ಕೇಳದೆ ಮುಂದೆ ಹೋದದ್ದು ಮೂರನೆಯದು. ಎರಡು ವಾರದಿಂದ ಊರಲ್ಲೇ ಇಲ್ಲದವರು ನಾಲ್ಕನೆಯವರು. ಈ ನಾಲ್ವರನ್ನೂ ಒಂದೇ "ಇಲ್ಲ"ಕ್ಕೆ ತುಂಬಿದರೆ ಆ ಸಂಖ್ಯೆಯಿಂದ ಯಾವ ನಿರ್ಧಾರವನ್ನೂ ಮಾಡಲಾಗದು.

ಹಾಗಾಗಿ "ಗೊತ್ತಿಲ್ಲ", "ಅನ್ವಯಿಸುವುದಿಲ್ಲ", "ಹೇಳಲು ಇಷ್ಟವಿಲ್ಲ" ಇವೆಲ್ಲ ಉತ್ತರಗಳು. ಬೇಕಾದಲ್ಲಿ ಅವಕ್ಕೆ ತಮ್ಮದೇ ಆಪ್ಷನ್, ತಮ್ಮದೇ ಮೌಲ್ಯ ಇರಲಿ. ಖಾಲಿ ಆಪ್ಷನ್ ಎಂದರೆ ಇನ್ನೂ ಉತ್ತರ ಬಂದಿಲ್ಲ ಎಂಬ ಒಂದೇ ಅರ್ಥ. ಆ ಅರ್ಥವನ್ನು ಪರದೆಯಿಂದ ಕೋಷ್ಟಕದವರೆಗೆ, ಕೋಷ್ಟಕದಿಂದ ವರದಿಯವರೆಗೆ ಕೆಡದಂತೆ ದಾಟಿಸುವುದೇ ನಮ್ಮ ಕೆಲಸ. ಉತ್ತರ ಕಡ್ಡಾಯ ಮಾಡಿ "ಗೊತ್ತಿಲ್ಲ" ಕೊಡದಿದ್ದರೆ ಜನ ಸುಳ್ಳು ಹೇಳಲೇಬೇಕಾಗುತ್ತದೆ, ಅವರ ತಪ್ಪಲ್ಲ ಅದು.

ಹೆಜ್ಜೆ 6: ಜಿಲ್ಲೆ, ತಾಲ್ಲೂಕು, ಹೋಬಳಿ

ಒಂದರ ಬಾಲ ಒಂದು ಹಿಡಿದ ಪೆಟ್ಟಿಗೆಗಳಲ್ಲಿ ಖಾಲಿ ಆಯ್ಕೆಯ ಪಾತ್ರ ಇಮ್ಮಡಿ. ಪುಟ ತೆರೆದಾಗ ಜಿಲ್ಲೆಯ ಪೆಟ್ಟಿಗೆ ಮಾತ್ರ ತೆರೆದಿರಲಿ. ತಾಲ್ಲೂಕಿನದು ಡಿಸೇಬಲ್ ಆಗಿದ್ದು "ಮೊದಲು ಜಿಲ್ಲೆ ಆರಿಸಿ" ಎನ್ನಲಿ, ಹೋಬಳಿಯದು "ಮೊದಲು ತಾಲ್ಲೂಕು ಆರಿಸಿ" ಎನ್ನಲಿ. ಜಿಲ್ಲೆ ಆರಿಸಿದ ಮೇಲೆ ತಾಲ್ಲೂಕಿನ ಪಟ್ಟಿ ಬರುವವರೆಗೆ "ಪಟ್ಟಿ ಬರುತ್ತಿದೆ" ಎಂದು ತೋರಿಸಿ. ಹಸಿರುಮಕ್ಕಿಯಿಂದ ಆಚೆ, ಶರಾವತಿ ಹಿನ್ನೀರಿನ ಊರುಗಳಲ್ಲಿ ಕೂತು ಫಾರಂ ತುಂಬುವವರಿಗೆ ಆ "ಬರುತ್ತಿದೆ" ಎಷ್ಟು ಹೊತ್ತಿನದು ಎಂದು ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಅಂದಾಜಾಗುವುದಿಲ್ಲ.

ಮೇಲಿನದು ಬದಲಾದ ಕೂಡಲೇ ಕೆಳಗಿನವೆಲ್ಲ ಖಾಲಿಗೆ ಮರಳಬೇಕು. ಸಾಗರ ಆರಿಸಿ, ಕಸಬಾ ಹೋಬಳಿ ಆರಿಸಿ, ಆಮೇಲೆ ತಾಲ್ಲೂಕನ್ನು ತೀರ್ಥಹಳ್ಳಿಗೆ ಬದಲಿಸಿದರೆ ಹೋಬಳಿಯ ಪೆಟ್ಟಿಗೆಯಲ್ಲಿ ಏನಿರಬೇಕು? ತಾಲ್ಲೂಕು ಕೇಂದ್ರದ ಹೋಬಳಿಯನ್ನು ಕಸಬಾ ಎನ್ನುವುದು ಎಲ್ಲ ಕಡೆಯ ರೂಢಿ. ಹಾಗಾಗಿ ಬರೀ ಹೆಸರನ್ನೇ ಮೌಲ್ಯವಾಗಿ ಇಟ್ಟಿದ್ದರೆ ಸಾಗರದ ಕಸಬಾ ಕದಲದೆ ತೀರ್ಥಹಳ್ಳಿಯ ಕಸಬಾ ಆಗಿ ನಿಂತುಬಿಡುತ್ತದೆ, ಪರೀಕ್ಷೆಯಲ್ಲೂ ಪಾಸಾಗುತ್ತದೆ. ತಾಳಗುಪ್ಪವೋ ಆನಂದಪುರವೋ ಆಗಿದ್ದರೆ ತಪ್ಪು ಕೂಡಲೇ ಸಿಕ್ಕಿಬೀಳುತ್ತಿತ್ತು, ಕಸಬಾ ಮಾತ್ರ ಸಿಕ್ಕಿಬೀಳುವುದಿಲ್ಲ. ಮೌಲ್ಯವಾಗಿ ಪ್ರತಿ ಹೋಬಳಿಗೂ ಬೇರೆ ಸಂಕೇತ ಕೊಡಿ, ಹೆಸರು ಕಾಣುವುದಕ್ಕೆ ಮಾತ್ರ.

ನಿಧಾನದ ನೆಟ್‌ವರ್ಕಿನಲ್ಲಿ ಇನ್ನೊಂದು ಪೇಚಾಟ. ಬಳಕೆದಾರ ಮೊದಲು ಸಾಗರ ಒತ್ತಿ, ತಕ್ಷಣ ಹೊಸನಗರಕ್ಕೆ ಬದಲಿಸುತ್ತಾನೆ. ಎರಡು ಕೋರಿಕೆ ಹೋದವು, ಹೊಸನಗರದ ಪಟ್ಟಿ ಮೊದಲು ಬಂತು, ಸಾಗರದ್ದು ತಡವಾಗಿ ಬಂದು ಅದರ ಮೇಲೆ ಕೂತಿತು. ಪಟ್ಟಿ ಬಂದಾಗ, ಇದು ಈಗ ಆರಿಸಿರುವ ತಾಲ್ಲೂಕಿನದ್ದೇ ಎಂದು ನೋಡಿ, ಅಲ್ಲದಿದ್ದರೆ ಎಸೆಯಿರಿ. ಅಥವಾ ಅಬಾರ್ಟ್ ಕಂಟ್ರೋಲರ್ ಬಳಸಿ ಹಳೆಯ ಕೋರಿಕೆಯನ್ನೇ ರದ್ದು ಮಾಡಿ.

ಹೆಜ್ಜೆ 7: ಸರ್ವರ್ ಮತ್ತು ಕೋಷ್ಟಕ

ಬ್ರೌಸರಿನ ತಡೆ ಒಳ್ಳೆಯವರಿಗೆ ಮಾತ್ರ. ಸರ್ವರಿನಲ್ಲಿ ಪ್ರತಿ ಪೆಟ್ಟಿಗೆಗೂ ಕೇಳಬೇಕು: ಹೆಸರು ಬಂದಿದೆಯೇ, ಬಂದದ್ದು ಖಾಲಿಯೇ, ಖಾಲಿಯಲ್ಲದಿದ್ದರೆ ನಾವು ಕೊಟ್ಟ ಪಟ್ಟಿಯಲ್ಲಿ ಅದು ಇದೆಯೇ. ಐಚ್ಛಿಕ ಪ್ರಶ್ನೆಗೆ ಮೊದಲ ಎರಡರಲ್ಲಿ ಯಾವುದು ಕೈಕೊಟ್ಟರೂ ಕೋಷ್ಟಕಕ್ಕೆ ನಲ್, ಅಂದರೆ ಮೌಲ್ಯವೇ ಇಲ್ಲ ಎಂಬ ಗುರುತು ಹೋಗಲಿ. ಖಾಲಿ ಸ್ಟ್ರಿಂಗ್ (ಒಂದು ಅಕ್ಷರವೂ ಇಲ್ಲದ ಪಠ್ಯ) ಬೇಡ, ಸೊನ್ನೆಯೂ ಬೇಡ.

ಏಕೆಂದರೆ ಸಂಖ್ಯೆಯ ಕಾಲಮ್ಮಿಗೆ ಖಾಲಿ ಸ್ಟ್ರಿಂಗ್ ಹಾಕಹೋದರೆ ಮೈಎಸ್‌ಕ್ಯುಎಲ್ ಡೇಟಾಬೇಸ್ ಸ್ಟ್ರಿಕ್ಟ್ ಮೋಡಿನಲ್ಲಿದ್ದಾಗ, ಅಂದರೆ ಹೊಂದದ ಮೌಲ್ಯವನ್ನು ಒಳಗೆ ಬಿಡದ ಸ್ಥಿತಿಯಲ್ಲಿದ್ದಾಗ, ದೋಷ ತೋರಿಸುತ್ತದೆ. 5.7ನೇ ಆವೃತ್ತಿಯಿಂದ ಅದೇ ಪೂರ್ವನಿಗದಿ. ಹಳೆಯ ಹೋಸ್ಟಿಂಗ್‌ಗಳಲ್ಲಿ ಯಾರೋ ಸ್ಟ್ರಿಕ್ಟ್ ಮೋಡ್ ತೆಗೆದಿದ್ದರೆ ಸದ್ದಿಲ್ಲದೆ ಸೊನ್ನೆಯಾಗಿ ಕೂರುತ್ತದೆ, ಆಗ ಸೊನ್ನೆ ಎಕರೆ ಜಮೀನಿನವನೂ ಜಮೀನು ಹೇಳದವನೂ ಒಂದೇ. ಬೇರೆ ಕೋಷ್ಟಕಕ್ಕೆ ಕೊಂಡಿಯಿರುವ ಫಾರಿನ್ ಕೀ ಕಾಲಮ್ಮಾದರೆ ನಲ್ ನಿಲ್ಲುತ್ತದೆ, ಸೊನ್ನೆ ನಿಲ್ಲುವುದಿಲ್ಲ. ಒರಾಕಲ್ ಮಾತ್ರ ಖಾಲಿ ಸ್ಟ್ರಿಂಗನ್ನೇ ನಲ್ ಎಂದು ತಿಳಿಯುತ್ತದೆ. ಅಲ್ಲಿ ಕಲಿತ ಅಭ್ಯಾಸವನ್ನು ಬೇರೆ ಕಡೆ ತರಬೇಡಿ.

ಫ್ರೇಮ್‌ವರ್ಕ್ ಬಳಸುವವರಿಗೆ ಚುಟುಕಾಗಿ. ಲಾರಾವೆಲ್ 5.4ರಿಂದ ಖಾಲಿ ಸ್ಟ್ರಿಂಗ್‌ಗಳನ್ನು ನಲ್ ಮಾಡುವ ಮಿಡಲ್‌ವೇರ್ ಜೊತೆಯಲ್ಲೇ ಬರುತ್ತದೆ, ಐಚ್ಛಿಕ ಪ್ರಶ್ನೆಗೆ ನಲ್ಲಬಲ್ ನಿಯಮ ಸೇರಿಸಲು ಮರೆಯಬೇಡಿ. ಜಾಂಗೋದ ಮಾಡೆಲ್‌ಚಾಯ್ಸ್‌ಫೀಲ್ಡ್ ತಾನಾಗಿ ಗೆರೆಗಳ ಖಾಲಿ ಆಪ್ಷನ್ ಹಾಕುತ್ತದೆ, ಎಂಪ್ಟಿ ಲೇಬಲ್‌ಗೆ ನಿಮ್ಮ ಕನ್ನಡ ಮಾತು ಕೊಡಿ. ರೈಲ್ಸ್‌ನಲ್ಲಿ ಪ್ರಾಂಪ್ಟ್ ಕೊಟ್ಟರೆ ಮೌಲ್ಯ ಇಲ್ಲದಾಗ ಮಾತ್ರ ಕಾಣುತ್ತದೆ, ಇನ್‌ಕ್ಲೂಡ್ ಬ್ಲಾಂಕ್ ಕೊಟ್ಟರೆ ಯಾವಾಗಲೂ ಇರುತ್ತದೆ. ಕಡ್ಡಾಯದ ಪ್ರಶ್ನೆಗೆ ಮೊದಲನೆಯದು, ಐಚ್ಛಿಕಕ್ಕೆ ಎರಡನೆಯದು. ರಿಯಾಕ್ಟ್‌ನಲ್ಲಿ ಆರಂಭದ ಸ್ಥಿತಿ ಖಾಲಿ ಸ್ಟ್ರಿಂಗ್ ಆಗಿರಲಿ, ನಲ್ ಕೊಟ್ಟರೆ ಎಚ್ಚರಿಕೆ ಬರುತ್ತದೆ. ಹಳೆಯ ಆಂಗ್ಯುಲರ್‌ಜೆಎಸ್ ಪುಟ ನೋಡಿಕೊಳ್ಳುವ ಪಾಡು ಯಾರಿಗಾದರೂ ಇದ್ದರೆ, ಪಟ್ಟಿಯ ತಲೆಯಲ್ಲಿ ತಾನಾಗಿ ಹುಟ್ಟುವ ಬಿಳಿ ಸಾಲು ನೋಡಿ ಗಾಬರಿಯಾಗಬೇಡಿ. ಮಾಡೆಲ್‌ನಲ್ಲಿರುವ ಮೌಲ್ಯ ಪಟ್ಟಿಯಲ್ಲಿ ಇಲ್ಲ ಎಂದು ಅದು ಹೇಳುತ್ತಿದೆ.

ಹೆಜ್ಜೆ 8: ಹಳೆಯ ದಾಖಲೆ ತಿದ್ದುವ ಪುಟ

ಹೊಸ ಫಾರಂ ಚೆನ್ನಾಗಿ ಮಾಡಿ, ತಿದ್ದುವ ಪುಟದಲ್ಲಿ ಎಡವುವುದು ಸಾಮಾನ್ಯ. ಉಳಿಸಿಟ್ಟ ಮೌಲ್ಯ ಇಂದಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಏನಾಗುತ್ತದೆ? 2014ರ ನವೆಂಬರ್ 1ರಂದು ನಮ್ಮ ಊರಿನ ಇಂಗ್ಲಿಷ್ ಕಾಗುಣಿತ ಶಿಮೊಗ ಹೋಗಿ ಶಿವಮೊಗ್ಗ ಆಯಿತು. ಇಂಗ್ಲಿಷ್ ಹೆಸರನ್ನೇ ಮೌಲ್ಯವಾಗಿ ಉಳಿಸಿದ್ದ ಹಳೆಯ ದಾಖಲೆಯನ್ನು ಹೊಸ ಪಟ್ಟಿಯ ಫಾರಂನಲ್ಲಿ ತೆರೆದರೆ ಎರಡೂ ಹೊಂದುವುದಿಲ್ಲ. ಯಾವುದೂ ಸೆಲೆಕ್ಟ್ ಆಗದೆ ಪಟ್ಟಿಯ ಮೊದಲನೆಯದು ಕೂರುತ್ತದೆ. ಫೋನ್ ನಂಬರ್ ತಿದ್ದಲು ಬಂದವರು ಉಳಿಸು ಒತ್ತಿದರೆ ಜಿಲ್ಲೆಯೂ ಬದಲಾಯಿತು. ಖಾಲಿ ಆಪ್ಷನ್ ಇದ್ದರೆ ಜಿಲ್ಲೆ ಅಳಿದುಹೋಗುತ್ತದೆ. ತಪ್ಪು ಜಿಲ್ಲೆಗಿಂತ ವಾಸಿ, ಆದರೂ ನಷ್ಟವೇ.

ತಿದ್ದುವ ಪುಟ ತೆರೆಯುವಾಗ ಹಳೆಯ ಮೌಲ್ಯ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಅದನ್ನೇ ಒಂದು ಆಪ್ಷನ್ ಆಗಿ ಸೇರಿಸಿ, ಹೆಸರಿನ ಮುಂದೆ "ಹಳೆಯ ನಮೂದು" ಎಂದು ಬರೆದು, ಸೆಲೆಕ್ಟೆಡ್ ಮಾಡಿ. ಬದಲಿಸುವುದು ಬಿಡುವುದು ಮನುಷ್ಯರಿಗೆ ಬಿಟ್ಟದ್ದು.

ಹೆಜ್ಜೆ 9: ಪರೀಕ್ಷೆ

ಪುಟ ತೆರೆದು, ಏನನ್ನೂ ಮುಟ್ಟದೆ ಸಲ್ಲಿಸು ಒತ್ತಿ. ಇದೊಂದನ್ನು ಮಾಡಿದ್ದರೆ ನನ್ನ ಗೊರಬಲು ಪ್ರಕರಣ ಆಗುತ್ತಲೇ ಇರಲಿಲ್ಲ. ಆಮೇಲೆ ಮೌಸ್ ಬಿಟ್ಟು ಬರೀ ಕೀಬೋರ್ಡಿನಲ್ಲಿ ತುಂಬಿ ನೋಡಿ. ಒಂದು ಹೆಸರು ಆರಿಸಿ, ಮತ್ತೆ ಖಾಲಿಗೆ ಬನ್ನಿ. ಪುಟವನ್ನು ರಿಫ್ರೆಶ್ ಮಾಡಿ. ಫೈರ್‌ಫಾಕ್ಸ್ ಹಿಂದೆ ಆರಿಸಿದ್ದನ್ನು ನೆನಪಿಟ್ಟು ಹಾಗೇ ತೋರಿಸುತ್ತದೆ, ಬೇಡವಾದರೆ ಆಟೋಕಂಪ್ಲೀಟ್ ಆಫ್ ಮಾಡಿ. ಪೆಟ್ಟಿಗೆ ಫೋಕಸ್‌ನಲ್ಲಿರುವಾಗ ಮೌಸ್ ಚಕ್ರ ತಿರುಗಿಸಿ. ಕೌಂಟರಿನ ಹಳೆಯ ಕಂಪ್ಯೂಟರಿನ ಬ್ರೌಸರಿನಲ್ಲಿ ಪುಟ ಸರಿಯುವ ಬದಲು ಆಯ್ಕೆಯೇ ಬದಲಾಗುವುದುಂಟು. ಕೊನೆಗೆ ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಹಾಕಿ, ಕಣ್ಣು ಮುಚ್ಚಿ ಒಂದು ಸಲ ತುಂಬಿ. ಪುಟದ ಭಾಷೆ ಕನ್ನಡ ಎಂದು ಲ್ಯಾಂಗ್ ಗುಣದಲ್ಲಿ ಹೇಳದಿದ್ದರೆ ಓದುವ ದನಿ ಎಷ್ಟು ತಡವರಿಸಬಹುದೆಂದು ಅಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 10: ಈಗಾಗಲೇ ಕೆಟ್ಟ ದಾಖಲೆ

ಫಾರಂ ಸರಿ ಮಾಡಿದಿರಿ. ಹಿಂದಿನ ಸಾಲುಗಳ ಗತಿ? ಮೊದಲ ಆಪ್ಷನ್ ಇರುವ ಸಾಲುಗಳನ್ನೆಲ್ಲ ಒಂದೇ ಏಟಿಗೆ ನಲ್ ಮಾಡುವ ಮನಸ್ಸಾಗುತ್ತದೆ. ಬೇಡ, ಅವುಗಳಲ್ಲಿ ನಿಜವಾದ ಗೊರಬಲು ತಂದವರೂ ಇದ್ದಾರೆ. ತಿದ್ದಿದ ದಿನಾಂಕಕ್ಕಿಂತ ಹಿಂದಿನ ಅಂಥ ಸಾಲುಗಳಿಗೆ ಖಚಿತವಲ್ಲ ಎಂಬ ಗುರುತನ್ನು ಬೇರೆ ಕಾಲಮ್ಮಿನಲ್ಲಿ ಹಾಕಿ. ಆಮೇಲೆ ಬೇರೆ ಸಾಕ್ಷಿ ಹುಡುಕಿ. ನನಗೆ ಸಿಕ್ಕ ಮೊದಲ ಸಾಕ್ಷಿ ಧಾರಣೆ. ಬಗೆ ಗೊರಬಲು ಎಂದಿದ್ದು, ಪಾವತಿ ಆ ದಿನದ ರಾಶಿಯ ದರದಲ್ಲಿ ಆಗಿದ್ದರೆ ಯಾವುದು ಸುಳ್ಳು ಎಂದು ಕೇಳಬೇಕಿಲ್ಲ. ಪುಣ್ಯಕ್ಕೆ ಪಾವತಿಯ ಲೆಕ್ಕ ಬೇರೆ ಪುಸ್ತಕದಲ್ಲಿತ್ತು, ಯಾರ ದುಡ್ಡೂ ಹೋಗಿರಲಿಲ್ಲ.

ಉಳಿದದ್ದಕ್ಕೆ ತೂಕದ ಚೀಟಿಗಳು. ಆಟಿ ಮಳೆಯಲ್ಲಿ ಕರೆಂಟು ಹೋದ ಎರಡು ಸಂಜೆ, ಗುಮಾಸ್ತರೂ ನಾನೂ ಎಮರ್ಜೆನ್ಸಿ ಲೈಟಿನ ಬೆಳಕಲ್ಲಿ ಚೀಟಿ ಬಿಡಿಸಿ ಸಾಲು ಸಾಲಾಗಿ ತಾಳೆ ನೋಡಿದೆವು. ಕೆಲವು ಚೀಟಿ ಸಿಗಲಿಲ್ಲ, ಕೆಲವನ್ನು ವರಲೆ ತಿಂದಿತ್ತು. ಆ ಸಾಲುಗಳಿಗೆ ನಲ್ ಹಾಕಿದೆ, ವರ್ಷದ ವರದಿಯಲ್ಲಿ ನಾಲ್ಕು ಬಗೆಗಳ ಕೆಳಗೆ "ನಮೂದಾಗಿಲ್ಲ" ಎಂಬ ಐದನೆಯ ಸಾಲು ಬಂತು. ಸಭೆಗೆ ಮುಂಚೆ ಅದನ್ನು ಕಾಣದಂತೆ ಮಾಡಲಾಗುತ್ತದೆಯೇ ಎಂದು ಗುಮಾಸ್ತರು ಕೇಳಿದರು. ಮಾಡಬಹುದು, ಆದರೆ ಒಟ್ಟು ತೂಕ ತಾಳೆಯಾಗುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಕಾಗದ ನೋಡುತ್ತಾ ನಿಂತು, "ಹಾಗಾದ್ರೆ ಇರ್ಲಿ ಬಿಡಿ" ಎಂದು ಪ್ರಿಂಟ್ ಒತ್ತಿದರು.